ಬಹಿರಂಗಪಡಿಸತಕ್ಕದ್ದಲ್ಲ

ನಮ್ಮ ಕಡೆ ಮೂಕರ್ಜಿ ಬರೆಯದ ಗಂಡಸು ಇದ್ದಾನೆಯೇ ಎಂದು ನನಗೆ ಅನುಮಾನ. ಚನ್ನಪಟ್ಟಣ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನನ್ನ ದೊಡ್ಡಪ್ಪನೇ ಈ ವಿದ್ಯೆಯಲ್ಲಿ ಪಳಗಿದವರು. ಕರೆಂಟಿನ ಲೈನ್‌ಮನ್ ಮೇಲೆ, ಹಾಲಿನ ಡೇರಿಯ ಕಾರ್ಯದರ್ಶಿ ಮೇಲೆ, ಆಗದ ದಾಯಾದಿಯ ಮೇಲೆ ಎಡಗೈಯಲ್ಲಿ ಬರೆದು, ಕೆಳಗೆ ‘ನೊಂದ ಗ್ರಾಮಸ್ಥರು’ ಎಂದು ಹಾಕುತ್ತಿದ್ದರು. ಊರಿನ ಡಬ್ಬಕ್ಕೆ ಹಾಕಿದರೆ ಪೋಸ್ಟ್‌ಮ್ಯಾನ್ ಪತ್ತೆ ಹಚ್ಚಿಯಾನು ಎಂದು ಬಸ್ಸು ಹತ್ತಿ ಮದ್ದೂರಿಗೆ ಹೋಗಿ ಪೋಸ್ಟ್ ಮಾಡಿ ಬರುತ್ತಿದ್ದರು. ಮುಂದೆ ನಾನು ವಕೀಲಳಾದ ಮೇಲೆ ನೋಡಿದರೆ ಕಪ್ಪು ಕೋಟಿನವರಲ್ಲಿ ದೊಡ್ಡಪ್ಪನಂಥವರು ಬೆಂಚಿಗೊಬ್ಬರಿದ್ದರು. ವರ್ಗ ಆಗಬೇಕಾದ ಅಧಿಕಾರಿಯ ಮೇಲೆ ಮೂಕರ್ಜಿ, ಚುನಾವಣೆಗೆ ನಿಂತವನ ಹೆಂಡತಿಯ ಮೇಲೆ ಮೂಕರ್ಜಿ. ಈಗ ಎಡಗೈಯ ಕಷ್ಟವೂ ಬೇಡ, ಮೊಬೈಲಿನಲ್ಲಿ ಸುಳ್ಳು ಹೆಸರಿನ ಖಾತೆ ತೆರೆದು ಬೆಳಗಿನ ಕಾಫಿಗೆ ಮೊದಲೇ ಯಾರದಾದರೂ ಮಾನ ತೆಗೆದು ಬರುತ್ತಾರೆ. ಇಂಥವರೇ ಒಂದು ದಿನ ತುಂಬಿದ ಕೋರ್ಟಿನಲ್ಲಿ, ಹೆಸರು ಹಾಕದೆ ನಾಲ್ಕು ನಿಜ ಬರೆದ ಹುಡುಗಿಯೊಬ್ಬಳನ್ನು ‘ಮುಖವಿಲ್ಲದ ಹೇಡಿ’ ಎಂದು ಉಗಿದರು. ಅವತ್ತಿನಿಂದ ನನಗೆ ಆ ಕೋಟು ಕಂಡರೆ ವಾಕರಿಕೆ. ನಾನೂ ಅದನ್ನೇ ಹಾಕಿಕೊಂಡು ಹೋಗುತ್ತೇನೆ, ಹೊಟ್ಟೆಪಾಡು.

ಯಾವ ಕೋರ್ಟು ಎಂದು ಹೇಳುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕು ಕಡೆಯೂ ನಾನು ಕೇಸು ನಡೆಸಿದ್ದೇನೆ, ಯಾವುದೆಂದು ಬೇಕಾದರೂ ಅಂದುಕೊಳ್ಳಿ. ಊರಿನ ಹೆಸರು ಬರೆದರೆ ಆ ಹುಡುಗಿಯನ್ನು ಇನ್ನೊಮ್ಮೆ ಬೊಟ್ಟು ಮಾಡಿ ತೋರಿಸಿದ ಹಾಗೆ. ಒಮ್ಮೆ ತೋರಿಸಿದ್ದೇ ಸಾಕಾಗಿದೆ.

ಅವಳು ನನ್ನ ಆಫೀಸಿಗೆ ಬಂದದ್ದು ತಾಯಿಯ ಜೊತೆ. ಇಬ್ಬರೂ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಒಂದೇ ರೀಲಿಂಗ್ ಘಟಕದಲ್ಲಿ ದುಡಿಯುತ್ತಿದ್ದರು. ಬೆಂದ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸ. ಕೈ ಇಡೀ ದಿನ ಬಿಸಿನೀರಿನ ತೊಟ್ಟಿಯಲ್ಲಿ. ತಾಯಿ ಕುರ್ಚಿಯ ತುದಿಯಲ್ಲಿ ಕೂತು ಸೆರಗಿನೊಳಗೆ ಕೈ ಮುಚ್ಚಿಕೊಂಡಿದ್ದಳು. ಮಗಳು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಳು. ಪಿಯುಸಿವರೆಗೆ ಓದಿದವಳು, ಚುರುಕು. ‘ಬಿಸಿನೀರು’ ಎಂಬ ಹೆಸರಿನಲ್ಲಿ ಮೊಬೈಲಿನಲ್ಲಿ ಒಂದು ಪೇಜು ನಡೆಸುತ್ತಿದ್ದಳು. ಸುತ್ತಮುತ್ತಲಿನ ಘಟಕಗಳ ಹೆಂಗಸರು ಅವಳಿಗೆ ಬಾಯಿಮಾತಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಕಕ್ಕಸಿಗೆ ಬಾಗಿಲಿಲ್ಲ, ಮುಟ್ಟಾದ ದಿನವೂ ಎದ್ದು ಹೋಗಲು ಬಿಡುವುದಿಲ್ಲ, ಬೆರಳ ಸಂದಿ ಕೊಳೆತರೂ ರಜೆಯಿಲ್ಲ. ಅವಳು ಅದನ್ನು ಕೇಳಿ, ಯಾರದೆಂದು ಗುರುತು ಸಿಗದ ಹಾಗೆ ತಿದ್ದಿ ಬರೆಯುತ್ತಿದ್ದಳು. ಒಂದು ಸಲ ಅವಳದೇ ಘಟಕದ ಮೇಸ್ತ್ರಿಯ ಸುದ್ದಿ ಬಂತು. ಗೂಡು ಸುರಿಯುವ ನೆಪದಲ್ಲಿ ಹಿಂದಿನಿಂದ ಬಂದು ಮೈಗೆ ಒತ್ತಿಕೊಂಡು ನಿಲ್ಲುತ್ತಾನೆ ಎಂದು. ಅದನ್ನೂ ಬರೆದಳು. ಊರಿಗೆ ಊರೇ ಓದಿತು. ಮಾಲೀಕ ದೊಡ್ಡ ಮನುಷ್ಯ, ಮೇಸ್ತ್ರಿ ಅವನ ಭಾವಮೈದುನ. ಮಾನನಷ್ಟದ ದಾವೆ ಬಿತ್ತು. ಪೇಜು ನಡೆಸುವವರು ಯಾರೇ ಆಗಲಿ ಕೋರ್ಟಿನ ಮುಂದೆ ಬರಬೇಕು, ಮೊಬೈಲು ಒಪ್ಪಿಸಬೇಕು, ಯಾರ್ಯಾರು ಏನೇನು ಕಳಿಸಿದರು ಎಂದು ತೋರಿಸಬೇಕು, ಇಷ್ಟು ಅವರ ಕೋರಿಕೆ.

“ನನ್ ಹೆಸ್ರು ಬಂದ್ರೆ ನಂಗೇನಾದ್ರೂ ಆಗ್ಲಿ ಮೇಡಂ, ಇನ್ನೊಂದ್ ಕಡೆ ಕೆಲ್ಸ ನೋಡ್ಕತೀನಿ” ಅಂದಳು ಹುಡುಗಿ. “ಆದ್ರೆ ನಾನು ಅಂತ ಗೊತ್ತಾದ್ರೆ ಮೇಸ್ತ್ರಿ ಇಚಾರ ಹೇಳಿದ್ ಯಾರು ಅಂತ ಮಗಿಗೂ ಗೊತ್ತಾಯ್ತದೆ. ನನ್ ತೊಟ್ಟಿ ಒಂದ್ ಕಡೀಕೆ ಗೋಡೆ ಐತೆ. ಇನ್ನೊಂದ್ ಕಡೀಕೆ ಆಪಾ ಅವ್ರೆ.”

ಆಪಾ, ಉರ್ದುವಿನಲ್ಲಿ ಅಕ್ಕ, ಎಂದರೆ ಪಕ್ಕದ ತೊಟ್ಟಿಯ ಹೆಂಗಸು. ಊರಿನವಳೇ, ವಿಧವೆ, ಮೈದುನನ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಬದುಕುತ್ತಿದ್ದಳು. ಅವಳ ಮೈಮೇಲೆ ಪರಪುರುಷ ಕೈಹಾಕಿದ ಎಂಬ ಮಾತು ಮೈದುನನ ಕಿವಿಗೆ ಬಿದ್ದರೆ ಅವನು ಮೇಸ್ತ್ರಿಯನ್ನು ಕೇಳುವ ಜಾತಿಯಲ್ಲ. ಇವಳನ್ನೇ ಹೊರಗೆ ಹಾಕುವವನು. ಹುಡುಗಿ ಮಾತು ಕೊಟ್ಟಿದ್ದಳು, ಎಲ್ಲೂ ಗೊತ್ತಾಗುವುದಿಲ್ಲ ಎಂದು. ಅಷ್ಟೇ ಈ ಕೇಸು. ಕಾನೂನು, ಕಲಮು ಎಲ್ಲ ಆಮೇಲಿನ ಮಾತು. ಒಂದು ಹೆಸರು ಹೊರಗೆ ಬಂದರೆ ಇನ್ನೊಬ್ಬಳ ಸೂರು ಹೋಗುತ್ತಿತ್ತು.

ಮೊದಲಿದ್ದ ನ್ಯಾಯಾಧೀಶರ ಮುಂದೆ ನಾನು ಹೆಣಗಾಡಿದ್ದನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಸಂದೇಶಗಳೆಲ್ಲ ಎನ್‌ಕ್ರಿಪ್ಷನ್ ಆಗಿರುತ್ತವೆ, ಕಳಿಸಿದವರ ಫೋನು ಮತ್ತು ಪಡೆದವರ ಫೋನು ಬಿಟ್ಟರೆ ನಡುವೆ ಯಾರಿಗೂ, ಕಂಪನಿಗೂ ಓದಲು ಬರುವುದಿಲ್ಲ, ಈ ನಂಬಿಕೆಯ ಮೇಲೆಯೇ ಹೆಂಗಸರು ಬಾಯಿ ಬಿಟ್ಟಿದ್ದಾರೆ ಎಂದು ನಾನು ವಾದಿಸಿದೆ. ಅವರು ಕನ್ನಡಕ ಏರಿಸಿ, “ಸರಿ, ಹಾಗಾದರೆ ಆ ಎನ್‌ಕ್ರಿಪ್ಷನ್ನಿನ ಮೂಲಪ್ರತಿ ಹಾಜರುಪಡಿಸಿ” ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಹಿಂದಿನ ಸಾಲಿನವರು ನಗಲಿಲ್ಲ, ಏಕೆಂದರೆ ಅವರಿಗೂ ಅದು ನ್ಯಾಯವಾದ ಬೇಡಿಕೆ ಎಂದೇ ಕಂಡಿತ್ತು. ಪುಣ್ಯಕ್ಕೆ ಅವರಿಗೆ ವರ್ಗವಾಯಿತು.

ಹೊಸದಾಗಿ ಬಂದವರು ಬೇರೆ ಜಿಲ್ಲೆಯವರು, ರೈತನ ಮಗ. ಹುಷಾರಿ ಮನುಷ್ಯ ಎಂದು ಬರುವ ಮೊದಲೇ ಹೆಸರಿತ್ತು. ಆದೇಶವನ್ನು ಮನೆಗೆ ಒಯ್ಯುವುದಿಲ್ಲ, ಪೀಠದಲ್ಲೇ ಕೂತು, ಎಲ್ಲರಿಗೂ ಕೇಳುವ ಹಾಗೆ ಕಂಚಿನ ಕಂಠದಲ್ಲಿ, ಅದೂ ಅಚ್ಚಕನ್ನಡದಲ್ಲಿ ಸ್ಟೆನೋಗೆ ಹೇಳಿ ಬರೆಸುತ್ತಾರೆ ಎಂದು ಹೊಗಳುತ್ತಿದ್ದರು. ಕಕ್ಷಿದಾರನಿಗೆ ತನ್ನ ಕೇಸಿನಲ್ಲಿ ಏನಾಯಿತು ಎಂದು ತನ್ನ ಭಾಷೆಯಲ್ಲೇ ಗೊತ್ತಾಗಬೇಕು ಎಂಬ ಅಭಿಮಾನ ಅವರದು. ನನಗೂ ಸಂತೋಷವೇ ಆಗಿತ್ತು.

ಮಾಲೀಕನ ವಕೀಲ ಎದ್ದು ನಿಂತ. ‘ಮುಖವಿಲ್ಲದ ಹೇಡಿ’ ಎಂಬ ಮಾತು ಬಂದದ್ದು ಆವತ್ತೇ. “ಸ್ವಾಮಿ, ತಪ್ಪು ಮಾಡದವರು ಹೆಸರು ಯಾಕೆ ಮುಚ್ಚಿಡ್ತಾರೆ? ಮುಚ್ಚಿಡೋನು ಕಳ್ಳ. ಇದು ಹಳೇ ಮೂಕರ್ಜಿ, ಹೊಸ ಮೊಬೈಲು” ಅಂದ. ಹಿಂದಿನ ಸಾಲು ಮೇಜು ಕುಟ್ಟಿತು. ಈ ಮನುಷ್ಯ ಬರೆದ ಮೂಕರ್ಜಿಗಳನ್ನು ಪೇರಿಸಿದರೆ ಕಟಕಟೆಯ ಎತ್ತರ ಬರುತ್ತಿತ್ತು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ತಾನು ಕಳ್ಳ, ಪರರ ನಂಬ.

ನ್ಯಾಯಾಧೀಶರು ನನ್ನ ಕಡೆ ತಿರುಗಿ, ಹೆಸರಿಲ್ಲದ ಪ್ರತಿವಾದಿಗೆ ವಕಾಲತ್ತು ಹೇಗೆ ಹಾಕುತ್ತೀರಿ, ಗಾಳಿಗೆ ವಕಾಲತ್ತೇ ಎಂದು ಕೇಳಿದರು. ನಾನು ಮತ್ತೆ ಮೊದಲಿಂದ ಹೇಳಿದೆ. ಬೀಗ, ಕೀಲಿ, ಎರಡೇ ಕೀಲಿ, ಎರಡೂ ಅವರವರ ಹತ್ತಿರ. ಅವರು ಹಣೆ ಗಂಟಿಕ್ಕಿ ಕೇಳಿದರು. ಬೀಗ ಮಾಡಿದವನ ಹತ್ತಿರ ಇನ್ನೊಂದು ಕೀಲಿ ಇರಲೇಬೇಕಲ್ಲ ಅಂದರು. ಇಲ್ಲ ಅಂದೆ. ನಂಬಲಿಲ್ಲ. ಪೆನ್ನು ತಿರುಗಿಸುತ್ತ ಕೂತವರು ಇದ್ದಕ್ಕಿದ್ದ ಹಾಗೆ ನೆಟ್ಟಗಾದರು.

“ತಡೀರಿ ಮೇಡಂ. ದನದ ಸಂತೇಲಿ ಟವೆಲ್ ಹಾಕ್ತಾರಲ್ಲ, ಹಂಗಾ?”

ನಮ್ಮ ಸೀಮೆಯ ದನದ ವ್ಯಾಪಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳ್ಳುವವನು, ಮಾರುವವನು ಕೈ ಕೈ ಹಿಡಿದು ಮೇಲೆ ಟವೆಲ್ ಮುಚ್ಚುತ್ತಾರೆ. ಬೆಲೆ ಬಾಯಲ್ಲಿ ಹೇಳುವುದಿಲ್ಲ, ಬೆರಳು ಒತ್ತಿ ಹೇಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಒಳಗೆ ಎಷ್ಟಕ್ಕೆ ಕುದುರಿತು ಎಂದು ಆ ಇಬ್ಬರಿಗೆ ಬಿಟ್ಟು ಮೂರನೆಯವನಿಗೆ ಗೊತ್ತಾಗುವುದಿಲ್ಲ. ನಾನು, ಹೌದು ಸ್ವಾಮಿ, ಅದೇ ಅಂದೆ.

ಅವರ ಮುಖ ಅರಳಿತು. ತಮ್ಮ ಅಪ್ಪ ಹಳ್ಳಿಕಾರ್ ಜೋಡಿ ಕೊಂಡ ಕಥೆ ಹೇಳಿದರು, ತಾವು ಟವೆಲಿನ ಅಂಚು ಎತ್ತಿ ಇಣುಕಿ ಏಟು ತಿಂದದ್ದನ್ನು ಹೇಳಿದರು. “ನೋಡೋರಿಗೆ ಇಬ್ಬರು ಕೈ ಹಿಡಿದದ್ದು ಕಾಣುತ್ತೆ, ಮಾತು ಕಾಣಲ್ಲ. ಟವೆಲ್ ಎಳೆಯೋದು ವ್ಯಾಪಾರಕ್ಕೇ ದ್ರೋಹ” ಅಂದರು. ಮಾಗಡಿ ಕಡೆಯ ಹಿರಿಯ ವಕೀಲರಿಬ್ಬರು ಕೋಟಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿಕೊಂಡು ಕಿಸಕ್ಕನೆ ನಕ್ಕರು. ಎಷ್ಟೋ ದಿನದ ಮೇಲೆ ಆ ಕೋರ್ಟ್ ಹಾಲಿನಲ್ಲಿ ಮನುಷ್ಯರ ನಗು ಕೇಳಿದ್ದೆ.

“ಸ್ವಾಮಿ, ನನ್ನ ಕಕ್ಷಿಗೆ ಕೈ ಹಿಡಿದದ್ದು ಕಂಡರೂ ಕೆಟ್ಟಿತು” ಅಂದೆ. “ಅವಳು ಯಾರೆಂದು ಗೊತ್ತಾದರೆ ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿದರೆ ಸಾಕು, ಸಂದೇಶ ಓದುವ ಅಗತ್ಯವೇ ಇಲ್ಲ.”

ಅವರು ತಲೆದೂಗಿ, “ಅದೂ ಸರಿ” ಅಂದರು. ನಿಜವಾಗಿಯೂ ಅವರಿಗೆ ಅರ್ಥವಾಗಿತ್ತು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಅರ್ಥವಾಗದವನಿಂದ ಆದ ಕೇಡಿಗೆ ಒಂದು ಸಮಾಧಾನವಾದರೂ ಇರುತ್ತದೆ.

ನಿಜವಾದ ಹೆಂಗಸೊಬ್ಬಳು ಇದ್ದಾಳೆ ಎಂದು ನನಗೆ ಖಾತ್ರಿಯಾಗಬೇಕು, ಛೇಂಬರಿಗೆ ಕರೆತನ್ನಿ, ಹೆಸರು ನನ್ನಲ್ಲೇ ಇರುತ್ತದೆ ಎಂದರು. ಕರೆದುಕೊಂಡು ಹೋದೆ. ಬಾಗಿಲು ಹಾಕಿಸಿ, ಸ್ಟೆನೋನನ್ನೂ ಹೊರಗೆ ಕಳಿಸಿ, ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಮಾತಾಡಿಸಿದರು. ಯಾವೂರಮ್ಮ, ಅಪ್ಪನ ಹೆಸರೇನು, ನಿನ್ನ ಹೆಸರೇನು, ವಯಸ್ಸೆಷ್ಟು, ಎಷ್ಟು ಓದಿದ್ದೀಯ, ಕೈ ಯಾಕೆ ಹೀಗಾಗಿದೆ. ಒಂದನ್ನೂ ಬರೆದುಕೊಳ್ಳಲಿಲ್ಲ. ಬರೆದರೆ ಯಾರಾದರೂ ನೋಡಿಯಾರು, ತಲೆಯಲ್ಲಿದ್ದರೆ ಭದ್ರ ಎಂದು ಅವರೇ ಅಂದರು. ಹೊರಗೆ ಬಂದ ಮೇಲೆ ಹುಡುಗಿ, “ನಮ್ ತಾತನ್ನೇ ಮಾತಾಡ್ಸ್‌ದಂಗಾಯ್ತು ಮೇಡಂ. ಒಳ್ಳೇವ್ರು” ಅಂದಳು. ಆಮೇಲೆ ಮೊದಲ ಸಲ ನಕ್ಕಳು. ಬಸ್‌ಸ್ಟ್ಯಾಂಡಿನ ಹತ್ತಿರ ನನಗೆ ಬೇಡವೆಂದರೂ ಕಬ್ಬಿನ ಹಾಲು ಕುಡಿಸಿದಳು.

ಆದೇಶದ ದಿನ ನೀನು ಬರಬೇಡ ಎಂದು ಹೇಳಿದ್ದೆ. ಮಾಲೀಕ ಬಂದಿದ್ದ, ಮೇಸ್ತ್ರಿಯೂ ಬಂದಿದ್ದ. ಕಡೆಯ ಬೆಂಚಿನಲ್ಲಿ ಕಾಲು ಅಗಲಿಸಿ ಕೂತಿದ್ದರು. ಕನಕಪುರದ ಕಡೆಯಿಂದಲೂ ವಕೀಲರು ಬಂದು ಗೋಡೆಗೆ ಒರಗಿ ನಿಂತಿದ್ದರು. ಇಂಥ ಕೇಸು ನಮ್ಮ ಕಡೆ ಹೊಸದು, ಸಾಹೇಬರು ಏನು ಬರೆಸುತ್ತಾರೆ ಎಂದು ಕೇಳುವ ಆಸೆ. ಸಾಹೇಬರೂ ಅದನ್ನು ನೋಡಿದರು. ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

ಚೆನ್ನಾಗಿ ಬರೆಸಿದರು, ಅದನ್ನು ಒಪ್ಪಿಕೊಳ್ಳಲೇಬೇಕು. ಬಡವರ ಬಾಯಿಗೆ ಕೆಲವೊಮ್ಮೆ ಮುಸುಕೇ ಧೈರ್ಯ ಎಂದರು. ಇಬ್ಬರ ನಡುವಿನ ಗುಟ್ಟು ಅಪರಾಧವಲ್ಲ ಎಂದರು. ಮೊಬೈಲು ಒಪ್ಪಿಸಬೇಕೆಂಬ ಕೋರಿಕೆಯನ್ನು ತಳ್ಳಿಹಾಕಿದರು. ಟವೆಲಿನ ಮಾತೂ ಬಂತು, ಹಿಂದಿನಿಂದ ಯಾರೋ ‘ಭೇಷ್’ ಅಂದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆಗ ಅವರು ಕಣ್ಣು ಅರೆಮುಚ್ಚಿ, ದಿನವೂ ಆದೇಶದ ಭಾಗ ಬರೆಸುವ ಅದೇ ಲಯದಲ್ಲಿ, ಅದೇ ಕಂಚಿನ ಕಂಠದಲ್ಲಿ ಹೇಳಿದರು: ಇಂಥ ಗ್ರಾಮದ ವಾಸಿ, ಇಂಥವರ ಮಗಳು, ಇಂಥ ಹೆಸರಿನ, ಇಷ್ಟು ವಯಸ್ಸಿನ, ನೂಲು ತೆಗೆಯುವ ಕೆಲಸದ ಈ ಪ್ರತಿವಾದಿಯ ಗುರುತನ್ನು ಯಾವುದೇ ಕಾರಣಕ್ಕೂ, ಯಾವುದೇ ರೂಪದಲ್ಲಿ, ಯಾರಿಗೂ ಬಹಿರಂಗಪಡಿಸತಕ್ಕದ್ದಲ್ಲ.

ಊರು, ಅಪ್ಪನ ಹೆಸರು, ಅವಳ ಹೆಸರು, ಒಂದನ್ನೂ ಬಿಡಲಿಲ್ಲ. ಛೇಂಬರಿನಲ್ಲಿ ಪ್ರೀತಿಯಿಂದ ಕೇಳಿದ್ದಷ್ಟೂ ಅದೇ ಕ್ರಮದಲ್ಲಿ ಹೊರಗೆ ಬಂತು.

ಸ್ಟೆನೋನ ಕೈ ನಿಂತಿತು. ಕಡೆಯ ಬೆಂಚಿನಲ್ಲಿ ಮೇಸ್ತ್ರಿ ಎದ್ದ. ಮಾಲೀಕನ ಭುಜ ತಟ್ಟಿ, ಜೇಬಿನಿಂದ ಫೋನು ತೆಗೆಯುತ್ತ ಬಾಗಿಲು ದಾಟಿದ. ನ್ಯಾಯಾಧೀಶರು ಕಣ್ಣು ತೆರೆದು ಎಲ್ಲರ ಮುಖ ನೋಡಿದರು. ಆಮೇಲೆ ಸ್ಟೆನೋಗೆ, “ಅದನ್ನ ತೆಗೀರಿ. ಪ್ರತಿವಾದಿ ಅಂತಷ್ಟೇ ಹಾಕಿ” ಅಂದರು.

“ಸ್ವಾಮಿ!” ಅಂದೆ. ನನ್ನ ದನಿ ನನಗೇ ಕಿರುಚಿದ ಹಾಗೆ ಕೇಳಿತು.

“ಮೇಡಂ, ರೆಕಾರ್ಡಿಗೆ ಬಂದಿಲ್ಲ. ನೀವು ಚಿಂತೆ ಮಾಡಬೇಡಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಳ್ಳಿಯ ಕೂಸಿಗೂ ಗೊತ್ತಿರುವ ಮಾತು. ಕೋರ್ಟಿನಲ್ಲಿ ಹಾಗಲ್ಲ. ಕಾಗದಕ್ಕೆ ಇಳಿಯದಿದ್ದರೆ ಅದು ಆಡಿದ ಮಾತೇ ಅಲ್ಲ. ನಾನು ಪಟ್ಟು ಹಿಡಿದದ್ದಕ್ಕೆ ಇನ್ನೊಂದು ಸಾಲು ಸೇರಿಸಿದರು, ನ್ಯಾಯಾಲಯದಲ್ಲಿ ಹಾಜರಿದ್ದವರು ಆಕಸ್ಮಿಕವಾಗಿ ಏನಾದರೂ ಕೇಳಿಸಿಕೊಂಡಿದ್ದರೆ ಕೇಳಿಸಿಕೊಂಡಿಲ್ಲವೆಂದು ಭಾವಿಸತಕ್ಕದ್ದು. ಮಾಲೀಕನ ವಕೀಲ ಎದ್ದು ಕೈಮುಗಿದು, “ನಮಗೇನೂ ಕೇಳಿಸಿಲ್ಲ ಸ್ವಾಮಿ” ಅಂದ. ಅವನ ತುಟಿಯ ಕೊನೆಯಲ್ಲಿದ್ದ ಆ ನಗುವಿಗೆ ಉಗಿಯಬೇಕು ಅನಿಸಿತು. ಹೊರಗೆ ಬಂದು ಕಾರಿಡಾರಿನ ನಲ್ಲಿಯ ಹತ್ತಿರ ನಿಜವಾಗಿಯೂ ಉಗಿದೆ. ಕಿರಿಯ ವಕೀಲನೊಬ್ಬ ಹಿಂದೆಯೇ ಬಂದು, “ಮೇಡಂ, ಕಂಗ್ರಾಟ್ಸ್. ಗೆದ್‌ಬುಟ್ರಲ್ಲ!” ಅಂದ.

ಗೆದ್ದದ್ದು ನಿಜ. ಆ ಆದೇಶದ ಜೆರಾಕ್ಸ್ ಈಗಲೂ ವಕೀಲರ ಕೈಯಲ್ಲಿ ಓಡಾಡುತ್ತದೆ. ಎನ್‌ಕ್ರಿಪ್ಷನ್ ಎಂದರೇನು ಎಂದು ಇಷ್ಟು ಸರಳವಾಗಿ ಹೇಳಿದವರು ಇನ್ನೊಬ್ಬರಿಲ್ಲ ಎಂದು ಮೆಚ್ಚುತ್ತಾರೆ. ಅವತ್ತು ಗೋಡೆಗೆ ಒರಗಿ ನಿಂತು ಹೆಸರು ಕೇಳಿಸಿಕೊಂಡವರೇ ನನ್ನ ಮುಂದೆ ಹಾಗೆ ಮೆಚ್ಚುವಾಗ ನನಗೆ ಕಾಫಿಯ ಲೋಟ ತುಟಿಗೆ ತರಲು ಆಗುವುದಿಲ್ಲ. ಹೇಸಿಗೆ ಎಂದರೆ ಇದು. ಬಯ್ಯೋಣವೆಂದರೆ ಕಾಗದದಲ್ಲಿ ಒಂದು ತಪ್ಪಿಲ್ಲ.

ನಾನು ಫೋನು ಮಾಡುವಷ್ಟರಲ್ಲಿ ಸುದ್ದಿ ಘಟಕಕ್ಕೆ ಮುಟ್ಟಿತ್ತು. ಹುಡುಗಿಯನ್ನು ಕೆಲಸದಿಂದ ತೆಗೆಯಲಿಲ್ಲ, ಮಾಲೀಕ ಅಷ್ಟು ದಡ್ಡನಲ್ಲ. ಮಾರನೆಯ ದಿನ ಅವನೇ ಅವಳ ತೊಟ್ಟಿಯವರೆಗೆ ಬಂದು, “ಚೆನ್ನಾಗಿದ್ದೀಯೇನವ್ವ?” ಎಂದು ಕೇಳಿದನಂತೆ. ಮೇಸ್ತ್ರಿ ಯಾರ ಫೋನನ್ನೂ ಕಿತ್ತುಕೊಳ್ಳಲಿಲ್ಲ, ಒಂದು ಸಂದೇಶವನ್ನೂ ಓದಲಿಲ್ಲ. ಗೋಡೆ ನೋಡಿದ, ಗೋಡೆಯ ಎದುರು ಬದಿ ನೋಡಿದ. ಸಂಜೆ ಆಪಾಳ ಮೈದುನನ ಅಂಗಡಿಯ ಮುಂದೆ ಅವನ ಬೈಕು ನಿಂತಿತ್ತು. ಅದಾದ ಮೇಲೆ ಪಕ್ಕದ ತೊಟ್ಟಿಗೆ ಬೇರೆ ಹೆಂಗಸು ಬಂದಳು.

ಹುಡುಗಿಯ ತಾಯಿ ನನ್ನ ಆಫೀಸಿಗೆ ಒಬ್ಬಳೇ ಬಂದಳು. ಸಿಟ್ಟು ಮಾಡಲಿಲ್ಲ, ಅದೇ ನನಗೆ ಹಿಂಸೆ. “ಕೋಲ್ಟಿನ್ ಕಾಗ್ದದಾಗೆ ನನ್ ಮಗಳ್ ಹೆಸ್ರಿಲ್ವಂತಲ್ಲವ್ವ, ಅದ್ನೊಸಿ ಕೊಡು, ಕೇಳ್ದೋರ್‌ಗೆ ತೋರುಸ್ತೀನಿ” ಅಂದಳು. ಹೆಸರಿಲ್ಲದ ಆ ಕಾಗದವನ್ನು ಯಾರಿಗೆ ತೋರಿಸುವುದು, ಏನೆಂದು ತೋರಿಸುವುದು? ಕೊಟ್ಟೆ. ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಹೋದಳು.

ಆಪಾಳ ಮನೆಗೆ ಹೋಗಿ ಒಂದು ಮಾತು ಕೇಳಿ ಬರಬೇಕೆಂದು ಹುಡುಗಿ ಹಟ ಹಿಡಿದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಗಲ್ಲಿಯಲ್ಲಿ ಪ್ರತಿ ಮನೆಯಿಂದಲೂ ಬೆಂದ ಗೂಡಿನ ವಾಸನೆ, ಚರಂಡಿಯಲ್ಲಿ ತೊಟ್ಟಿಯ ಕಂದುನೀರು. ದಾರಿಯುದ್ದಕ್ಕೂ ಅವಳು ಏನು ಹೇಳಬೇಕು ಎಂದು ಗೊಣಗಿಕೊಳ್ಳುತ್ತಿದ್ದಳು. ಪೇಜು ಅಳಿಸಿಬಿಟ್ಟಿದ್ದೀನಿ ಅಂತೀನಿ, ಬೇರೆ ಕೆಲಸ ನೋಡೋಣ ಅಂತೀನಿ, ಕಾಲಿಗೆ ಬೀಳ್ತೀನಿ. ಕದ ತಟ್ಟಿದಳು.

ಕದ ಅರ್ಧ ತೆರೆಯಿತು. ಆಪಾ ನಿಂತಿದ್ದಳು. ಅವಳ ಹಿಂದೆ, ಹಾಸಿಗೆಯ ಅಂಚಿನಲ್ಲಿ ಕೂತಿದ್ದ ಗಂಡಸೊಬ್ಬ, ಮೈದುನನೇ ಇರಬೇಕು, ತಲೆಯೆತ್ತಿ ನೋಡಿದ. ಒಳಗಿಂದ ಆಪಾಳ ಹೆಣ್ಣುಮಕ್ಕಳ ದನಿ ಬರಲಿಲ್ಲ. ಕದ ಹಿಡಿದಿದ್ದ ಬೆರಳುಗಳು ಬಿಳಿಚಿ ಸುಕ್ಕುಗಟ್ಟಿದ್ದವು, ನನ್ನ ಪಕ್ಕ ನಿಂತವಳ ಬೆರಳುಗಳ ಹಾಗೆಯೇ. ವರ್ಷಗಟ್ಟಲೆ ತನ್ನ ಜೊತೆ ಒಂದೇ ಡಬ್ಬಿಯಲ್ಲಿ ಊಟ ಮಾಡಿದವಳ ಮುಖವನ್ನು ಆಪಾ ಒಂದು ಸಲ ಪೂರ್ತಿ ನೋಡಿದಳು.

“ಯಾರಮ್ಮಾ ನೀವು? ಯಾರು ಬೇಕಾಗಿತ್ತು?”

ಒಳಗಿನ ಗಂಡಸಿನ ಕಡೆ ಹುಡುಗಿಯ ಕಣ್ಣು ಹೋಗಿ ಬಂತು. ನಾನು ಏನೋ ಹೇಳಲು ಹೊರಟೆ, ಅವಳು ನನ್ನ ಕೈ ಹಿಡಿದು ಅದುಮಿದಳು.

“ತಪ್ಪಾಯ್ತು ಕಣಮ್ಮ” ಅಂದಳು, ಗಂಡಸಿಗೂ ಕೇಳುವಷ್ಟು ಜೋರಾಗಿ. “ಮನೆ ತಪ್ಪಿ ಬಂದ್ಬುಟ್ಟೆ. ನಿಮ್ಮುನ್ನ ನಾನು ಎಲ್ಲೂ ನೋಡೇ ಇಲ್ಲ.”